ಒಬ್ಬನ ಕೈಯಲ್ಲಿದ್ದ ನಾಡು

ಸಂಕ್ರಾಂತಿಯ ಮರುವಾರ ನಾವು ಸಕುಟುಂಬರಾಗಿ ಹಂಪೆಗೆ ಹೋಗಿದ್ದೆವು. ಮಹಾನವಮಿ ದಿಬ್ಬದ ಮೇಲೆ ನಿಂತು ಸುತ್ತಲೂ ನೋಡಿದ ಕಿರಿಯ ಮಗಳು, "ಇಷ್ಟು ದೊಡ್ಡ ಊರು ಒಂದೇ ಯುದ್ಧಕ್ಕೆ ಹೇಗೆ ಹಾಳಾಯಿತು, ಅಪ್ಪಾ?" ಎಂದು ಕೇಳಿದಳು. ನಮಗೆ ಒಡನೆಯೇ ಉತ್ತರ ತೋಚಲಿಲ್ಲ.

1565ರ ಜನವರಿ 23ರಂದು ಕೃಷ್ಣಾತೀರದಲ್ಲಿ ನಡೆದ ಆ ಕಾಳಗವನ್ನು ತಾಳಿಕೋಟೆಯ ಯುದ್ಧವೆಂದೂ ರಕ್ಕಸಗಿ–ತಂಗಡಗಿಯ ಯುದ್ಧವೆಂದೂ ಕರೆಯುವರು. ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರು ಒಂದುಗೂಡಿ ಬಂದಿದ್ದರು. ಅಳಿಯ ರಾಮರಾಯನು ಸೆರೆಸಿಕ್ಕಿ ಹತನಾದನು, ಸೇನೆಯು ದಿಕ್ಕಾಪಾಲಾಯಿತು. ಆದರೆ ರಾಜಧಾನಿಯು ಬರಿದಾದುದು ಆ ಸೋಲೊಂದರಿಂದಲೇ ಅಲ್ಲ. ರಾಮರಾಯನ ತಮ್ಮ ತಿರುಮಲನು ಭಂಡಾರವನ್ನು ಹೇರಿಸಿ, ಹೆಸರಿಗೆ ಮಾತ್ರ ಅರಸನಾಗಿದ್ದ ಸದಾಶಿವರಾಯನನ್ನೂ ಕರೆದುಕೊಂಡು ಪೆನುಗೊಂಡೆಗೆ ಹೊರಟುಹೋದನು. ಊರನ್ನು ಕಾಯಲು ನಿಂತವರಿಲ್ಲ. ಅಧಿಕಾರವೆಲ್ಲ ಒಬ್ಬನಲ್ಲಿಯೇ ಸೇರಿದ್ದುದರಿಂದ ಅವನೊಡನೆ ನಗರವೂ ಬಿದ್ದಿತು.

ಹಲವರ ಕೈಯಲ್ಲಿದ್ದುದು ಮಾತ್ರ ಉಳಿಯಿತು. ದಿಬ್ಬದ ಮೇಲಣ ನವರಾತ್ರಿಯು ನಿಂತುಹೋದರೂ, 1610ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ರಾಜ ಒಡೆಯರು ಆ ಉತ್ಸವವನ್ನು ಅಲ್ಲಿ ನಡೆಸಿದರು. ಇಂದಿಗೂ ಮೈಸೂರಿನಲ್ಲಿ ದಸರೆಯು ನಡೆಯುತ್ತಿದೆ.

ಮಗಳಿಗೆ ಇದನ್ನೆಲ್ಲ ಹೇಳುತ್ತಿದ್ದಂತೆ ನಮ್ಮ ಮನಸ್ಸಿಗೇ ಏನೋ ಚುಚ್ಚಿತು. ಮನೆಯ ಲೆಕ್ಕ, ಪತ್ರ, ಬೀಗದ ಕೈ ಎಲ್ಲವನ್ನೂ ಇಷ್ಟು ವರ್ಷ ನಾವೊಬ್ಬರೇ ಇಟ್ಟುಕೊಂಡಿದ್ದೆವು. ಊರಿಗೆ ಮರಳಿದ ಸಂಜೆಯೇ ಅವನ್ನು ಮನೆಯಾಕೆಯ ಮುಂದಿಟ್ಟು ವಿವರಿಸಲು ಕುಳಿತೆವು.

"ಇದು ತೋಚುವುದಕ್ಕೆ ಹಂಪೆಯೇ ಹಾಳಾಗಬೇಕಾಯಿತೇ?" ಎಂದು ಆಕೆ ನಕ್ಕಳು.