ಕಿಟಕಿಯ ಗೂಡು, ಊರಿನ ಅಕ್ಕ

ಮೊನ್ನೆ ಡೊಂಬಿವಲಿಯ ನಮ್ಮ ಮನೆಯ ಕಿಟಕಿ ಗ್ರಿಲ್‌ಗೆ ಕಣಜದ ಹುಳುಗಳು ಗೂಡು ಕಟ್ಟಿದವು. ಗಿಡಮರದ ನಾರು ಕೆರೆದು, ಜೊಲ್ಲಿನಲ್ಲಿ ಕಲಸಿ ಮಾಡಿದ ಕಾಗದದಂಥ ಗೂಡು. "ಎಂತ ನೋಡ್ತಾ ಕೂತಿದೀರಿ ಮಾರಾಯ್ರೆ? ಮೊಮ್ಮಗನಿಗೆ ಕಚ್ಚಿದ್ರೆ? ಹೊಗೆ ಹಾಕಿ ಓಡಿಸಿ" ಎಂದಳು ನನ್ನವಳು. ನಾನು ನೋಡುತ್ತಲೇ ಕುಳಿತೆ. ಕಾರಣ, ಗದಗ್ಕರ್.

ರಾಘವೇಂದ್ರ ಗದಗ್ಕರ್ ಗೊತ್ತಲ್ಲ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯಾಲಜಿ ಓದಿ ಡಾಕ್ಟರೇಟ್ ಪಡೆದು, ಆಮೇಲೆ ಕಣಜಗಳ ಹಿಂದೆ ಬಿದ್ದವರು. ಹುಳುಗಳಿಗೆ ಬಣ್ಣದ ಚುಕ್ಕೆಯಿಟ್ಟು ಗುರುತಿಸಿ, ಯಾವುದು ಏನು ಮಾಡಿತೆಂದು ಬರೆದಿಡುವ ಕೆಲಸ. ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಒಂದೇ ಜಾತಿಯ ಮೇಲೆ 2001ರಲ್ಲಿ ಪುಸ್ತಕವನ್ನೇ ಬರೆದರು.

ಅವರ ಪ್ರಶ್ನೆ ಸರಳ. ಗೂಡಿನಲ್ಲಿ ಮೊಟ್ಟೆಯಿಡುವುದು ರಾಣಿ ಮಾತ್ರ. ಉಳಿದ ಹೆಣ್ಣುಗಳೂ ಬೇರೆ ಹೋಗಿ ಸ್ವಂತ ಗೂಡು ಕಟ್ಟಬಲ್ಲವು, ಕೆಲವು ಕಟ್ಟುತ್ತವೆ ಕೂಡ. ಹಾಗಿದ್ದರೆ ಮಿಕ್ಕವು ಯಾಕೆ ಅಲ್ಲೇ ಉಳಿದು ದುಡಿಯುತ್ತವೆ?

1964ರಲ್ಲಿ ಹ್ಯಾಮಿಲ್ಟನ್ ಒಂದು ಲೆಕ್ಕ ಕೊಟ್ಟಿದ್ದರು. ಕಣಜದ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಹಾಗಾಗಿ ಒಂದೇ ತಂದೆಯ ಅಕ್ಕತಂಗಿಯರಲ್ಲಿ ಮುಕ್ಕಾಲು ಪಾಲು ಜೀನ್ ಸಮಾನ, ಸ್ವಂತ ಮಗಳ ಜೊತೆ ಅರ್ಧ. ಮಗಳಿಗಿಂತ ತಂಗಿಯೇ ಹತ್ತಿರ! ಆದರೆ ಗದಗ್ಕರ್ ತಂಡದವರು ನೋಡಿದಾಗ, ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತದೆ, ರಾಣಿಯೂ ಬದಲಾಗುತ್ತಿರುತ್ತದೆ. ಮುಕ್ಕಾಲಿನ ಲೆಕ್ಕ ನಿಲ್ಲಲಿಲ್ಲ. ಅವರು ಕೊಟ್ಟ ಒಂದು ಉತ್ತರ ಬೇರೆ. ಒಂಟಿ ಹುಳು ನಡುವೆ ಸತ್ತರೆ ಅದರ ಮರಿಗಳೂ ಸಾಯುತ್ತವೆ. ಒಟ್ಟಿಗಿದ್ದರೆ, ಅರ್ಧಕ್ಕೆ ಬಿಟ್ಟ ಕೆಲಸವನ್ನು ಇನ್ನೊಂದು ಮುಂದುವರಿಸುತ್ತದೆ.

ಮನುಷ್ಯರನ್ನು ಹುಳುಗಳಿಂದ ಅಳೆಯಬಾರದು, ಗೊತ್ತು. ಆದರೂ ಅಕ್ಕ ನೆನಪಾದಳು. ಅಪ್ಪ ತೀರಿಕೊಂಡಾಗ ನಾನು ಎಂಟನೇ ಕ್ಲಾಸು. ಅಕ್ಕನಿಗೆ ಒಳ್ಳೆಯ ಸಂಬಂಧ ಬಂದಿತ್ತು, ಬೇಡ ಅಂದಳು. ಅಪ್ಪ ಅರ್ಧಕ್ಕೆ ಬಿಟ್ಟ ತೋಟ, ನನ್ನ ಓದು, ಅಮ್ಮನ ಕಾಯಿಲೆ, ಎಲ್ಲ ಅವಳೇ ನೋಡಿಕೊಂಡಳು. ನಾನು ಮುಂಬಯಿ ಬಸ್ಸು ಹತ್ತಿದ್ದೂ ಅವಳು ಕೊಟ್ಟ ದುಡ್ಡಿನಲ್ಲಿ. "ರಕ್ತಸಂಬಂಧ ಅಲ್ವಾ, ಮಾಡಿದಳು" ಎಂದು ಇಷ್ಟು ವರ್ಷ ಹಗುರವಾಗಿ ಹೇಳಿಕೊಂಡು ಬಂದೆ. ಅದೇ ರಕ್ತ ನನ್ನದೂ ಅಲ್ಲವೇ? ನಾನು ಹೊರಟು ಬಂದೆನಲ್ಲ...

ನಿನ್ನೆ ಫೋನಿನಲ್ಲಿ ಕೇಳಿಯೇಬಿಟ್ಟೆ. "ಅಕ್ಕಾ, ನೀನು ಆಗ ಮದುವೆ ಬೇಡ ಅಂದದ್ದು ಯಾಕೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಲ್ಲರೂ ಹೊರಟ್ರೆ ಆಗ್ತದಾ ಮಾರಾಯಾ? ಅಡಿಕೆ ಕೊಯ್ಲು ಶುರುವಾಗಿದೆ. ಈ ಸಲವಾದರೂ ಬರ್ತೀಯಾ?"

ಟಿಕೆಟ್ ಮಾಡಿಸಿದ್ದೇನೆ. ಗೂಡಿರುವ ಕಿಟಕಿಯನ್ನು ಮುಚ್ಚಿಟ್ಟಿದ್ದೇವೆ. ಹೊಗೆ ಹಾಕಿಲ್ಲ.