ಬಂಡೆಗೊಂದು ವಂಶ

ನವೆಂಬರ್ 22, ಹುಲಿಕಲ್
ಮಳೆ ಪೂರ್ತಿ ಬಿಟ್ಟಿದೆ. ಹಳ್ಳ ಮೊಣಕಾಲಿಗಿಳಿದು ಬಂಡೆಗಳ ನೆತ್ತಿ ಈಗಷ್ಟೇ ಹೊರಗೆ. ಮೇಲೆಲ್ಲ ಕಂದು-ಹಸಿರು ಪೊರೆ. ಉಗುರಿಗೆ ಬರಲೊಲ್ಲದು, ಬ್ಲೇಡೇ ಬೇಕಾಯಿತು. ಚಪ್ಪಟೆಯಾಗಿ ಹಬ್ಬಿರುವ ಈ ಹಸಿರೇ ಗಿಡದ ಬೇರು! ಪೋಡೋಸ್ಟೆಮೇಸಿ ಕುಟುಂಬ.

“ಪಾಚಿ ತಗಂಡು ಎಂತ ಮಾಡ್ತೀರಿ ಮಾರಾಯ್ರೇ?” ತೋಟಕ್ಕೆ ಹೊರಟಿದ್ದ ಹಿರಿಯರೊಬ್ಬರು. ಭೂತಗನ್ನಡಿ ಕೊಟ್ಟು ಹೂವು ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದರು. ಮತ್ತೆ ಪಾಚಿ ಅನ್ನಲಿಲ್ಲ. ಖುಷಿಯಾಯಿತು.

ಅದೇ ದಿನ, ರಾತ್ರಿ
ಡಿಎನ್‌ಎ ಪರೀಕ್ಷೆಗೆ ಒಂದೊಂದು ಬಂಡೆಯದೂ ಬೇರೆ ಬೇರೆ ಪೊಟ್ಟಣ, ಒಣಗಲೆಂದು ಒಳಗೆ ಸಿಲಿಕಾ ಜೆಲ್. ಮೈಸೂರಿನ ಸಸ್ಯವಿಜ್ಞಾನಿ ಎಚ್. ವೈ. ಮೋಹನರಾಮ್ ದೆಹಲಿ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಈ ಕುಟುಂಬದ ಬೆನ್ನು ಹತ್ತಿದವರು. ಈ ಗಿಡಗಳ ಬೀಜ ಧೂಳಿನಷ್ಟು ಸಣ್ಣದು. ಒಳಗೆ ಭ್ರೂಣಾಹಾರವೇ ಇಲ್ಲ. ತಾಯಿ ಬುತ್ತಿ ಕಟ್ಟದೆ ಕಳಿಸುತ್ತಾಳೆ. ಒದ್ದೆಯಾದರೆ ಸಿಪ್ಪೆ ಅಂಟಾಗುತ್ತದೆ, ಸಿಕ್ಕ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಹಾಗಾದರೆ ಎಷ್ಟು ದೂರ ಹೋದೀತು? ನಿದ್ದೆ ಬರುತ್ತಿಲ್ಲ.

ನವೆಂಬರ್ 24, ಮಾಸ್ತಿಕಟ್ಟೆ
ಕುಂಚಿಕಲ್ ಜಲಪಾತದ ಕಡೆ. ವಾರಾಹಿಯ ನೀರು ಮಾಣಿ ಅಣೆಕಟ್ಟಿನಲ್ಲಿ ನಿಂತು, ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಹಾಗಾಗಿ ಇಲ್ಲಿ ಬರೀ ಕಲ್ಲು. ಮಳೆಗಾಲವಿಡೀ ಮೇಲೆ ನೀರು ಧುಮುಕಬೇಕು, ಆಮೇಲೆ ಇಳಿದು ಬಿಸಿಲು ತಾಗಬೇಕು, ಆಗಲೇ ಈ ಗಿಡಕ್ಕೆ ಹೂವು. ಎರಡರಲ್ಲಿ ಒಂದು ತಪ್ಪಿದರೂ ಸಂತಾನವಿಲ್ಲ. ಕರಿಗಟ್ಟಿದ ಒಂದು ಹಕ್ಕಳೆ ಸಿಕ್ಕಿತು. ಅದೇ ಗಿಡವಾ, ಬೇರೇನಾದರೂ ಇದ್ದೀತಾ? ಪೊಟ್ಟಣಕ್ಕೆ ಹಾಕಿ ಪ್ರಶ್ನೆಚಿಹ್ನೆ ಬರೆದೆ.

ಡಿಸೆಂಬರ್ 2, ಶಿವಮೊಗ್ಗ
ಡಿಎನ್‌ಎ ಲೋಳೆಲೋಳೆ. ಪ್ರಯೋಗಾಲಯದ ಜೆಲ್ ಮೇಲೆ ಗೆರೆಗಳಿಲ್ಲ, ಬರೀ ಮಸುಕು. ಸಿಟ್ಟು. ಊಟ ಸೇರಲಿಲ್ಲ.

ಡಿಸೆಂಬರ್ 3
ಈ ಕುಟುಂಬದ ಹಲವು ಜಾತಿಗಳಲ್ಲಿ ಮೊಗ್ಗು ಬಿಚ್ಚುವ ಮೊದಲೇ ತನ್ನ ಪರಾಗ ತನಗೇ. ಅಂಥ ಗಿಡಗಳಲ್ಲಿ ಒಂದು ಬಂಡೆಯವೆಲ್ಲ ಹತ್ತಿರ ಹತ್ತಿರ ಒಂದೇ ಅಚ್ಚು. ವೈವಿಧ್ಯ ಏನಿದ್ದರೂ ಹಳ್ಳಕ್ಕೂ ಹಳ್ಳಕ್ಕೂ ನಡುವೆ. ನನ್ನ ಹಳ್ಳದ್ದೂ ಹೀಗೇ ಇದ್ದರೆ, ಒಂದು ಹಳ್ಳ ಬತ್ತಿದಾಗ ಹೋಗುವುದು ಬೇರೆಲ್ಲೂ ಇಲ್ಲದ ಒಂದು ವಂಶ. ‘ಪಕ್ಕದ ಹಳ್ಳದಲ್ಲಿ ಇದೆಯಲ್ಲ’ ಅನ್ನುವ ಸಮಾಧಾನಕ್ಕೆ ಅರ್ಥವೇ ಇಲ್ಲ.

ಇದ್ದರೆ. ಆ ಮಸುಕಿನಿಂದ ಏನು ಹೇಳಲಿ?

ಡಿಸೆಂಬರ್ 5, ಬೆಳಗಿನ ಐದು
ಒಣಗಿಸಿದ ಗಿಡದ ಪುಡಿ ಇನ್ನೂ ಉಳಿದಿದೆ, ಮತ್ತೆ ತೊಳೆದು ನೋಡಬೇಕು. ಆದರೆ ಮೊದಲು ಚಕ್ರಾ ಹೊಳೆಯ ಕಡೆ. ದಿನದಿಂದ ದಿನಕ್ಕೆ ಬಿಸಿಲು ಏರುತ್ತಿದೆ, ತಡ ಮಾಡಿದರೆ ಕಾಯಿ ಸಿಡಿದು ಬೀಜ ಕೈತಪ್ಪುತ್ತದೆ. ಹೊಸನಗರದ ಮೊದಲ ಬಸ್ಸು ಹಿಡಿಯಬೇಕು.