ಬಟ್ಟಲೂ ತಕ್ಕಡಿಯೂ

ಧಾನ್ಯವನ್ನು ಅಳೆಯುವುದು, ಬೆಲ್ಲವನ್ನು ತೂಗುವುದು ನಮ್ಮ ಹಳೆಯ ಸಂಪ್ರದಾಯ. ಅಕ್ಕಿ ರಾಗಿಗಳಿಗೆ ಪಾವು, ಸೇರು, ಕೊಳಗ. ಬೆಲ್ಲ ಹುಣಿಸೆಹಣ್ಣುಗಳಿಗೆ ತಕ್ಕಡಿ. ೧೯೫೬ರ ತೂಕ ಮತ್ತು ಅಳತೆಗಳ ಶಾಸನದ ತರುವಾಯ ಅಂಗಡಿಯ ಸೇರು ಕ್ರಮೇಣ ಕಣ್ಮರೆಯಾಯಿತಾದರೂ ನಮ್ಮ ಅಡಿಗೆಯ ಮನೆಯ ಪಾವು ಕದಲಲಿಲ್ಲ. ಕದಲಬೇಕಾದ ಅಗತ್ಯವೂ ಇರಲಿಲ್ಲವೆನ್ನಿ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು ಎಂದಮೇಲೆ, ಎರಡನ್ನೂ ಅಳೆದ ಪಾತ್ರೆ ಒಂದೇ ಆಗಿರುವುದರಿಂದ, ಅದು ತುಸು ದೊಡ್ಡದಾದರೇನು, ಚಿಕ್ಕದಾದರೇನು? ಅಕ್ಕಿಯ ಕಾಳಾದರೋ ಗಟ್ಟಿ, ಒತ್ತಿದರೆ ಕುಗ್ಗುವಂಥದಲ್ಲ.

ಇಂತಹ ಮನೆಗೆ ಕೇಕು ಪ್ರವೇಶಿಸಿದುದು ವಿನೋದಕ್ಕಾಗಿ ಅಲ್ಲ. ನನ್ನ ಎರಡನೆಯ ಮಗನು ತೀರಿಹೋದ ಮೇಲೆ ಸೊಸೆಯು ಮಾವನ ನಿವೃತ್ತಿವೇತನವೊಂದನ್ನೇ ನೆಚ್ಚಿ ಕುಳಿತಿರಲೊಪ್ಪದೆ, ಮೊಟ್ಟೆ ಹಾಕದ ಕೇಕುಗಳನ್ನು ಮಾಡಿ ಮಾರತೊಡಗಿದಳು. ಮಗುವಿನ ಶಾಲೆಯ ಶುಲ್ಕ ಅದರಿಂದಲೇ ಸಲ್ಲುತ್ತದೆ. ಆಕೆಗೆ ಆಧಾರವಾಗಿದ್ದುದು ಅಮೆರಿಕದ ಒಂದು ಪಾಕಪುಸ್ತಕ. ಆ ದೇಶದಲ್ಲಿ ಹಿಟ್ಟು, ಸಕ್ಕರೆ, ಬೆಣ್ಣೆ ಎಲ್ಲಕ್ಕೂ ಬಟ್ಟಲಿನ ಅಳತೆಯೇ. ಬಾಸ್ಟನ್ನಿನ ಪಾಕಶಾಲೆಯ ಫ್ಯಾನಿ ಫಾರ್ಮರ್ ಎಂಬಾಕೆ ೧೮೯೬ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಅಂಚಿಗೆ ಸಮನಾಗಿ ಸವರಿದ ಬಟ್ಟಲು ಚಮಚಗಳ ಪದ್ಧತಿ ಅಲ್ಲಿ ಬಹಳವಾಗಿ ಹರಡಿತು.

ಆದರೆ ಸೊಸೆಯ ಕೇಕು ಒಂದು ದಿನ ಅರಳೆಯಂತೆ ಮೃದು, ಇನ್ನೊಂದು ದಿನ ಒಣಗಿ ಬಿರುಕು. ಪುಸ್ತಕ ಅದೇ, ಬಟ್ಟಲು ಅದೇ, ಒಲೆಯ ಶಾಖವೂ ಅದೇ. ಹುಟ್ಟುಹಬ್ಬದ ಕೇಕೊಂದು ಮರಳಿ ಬಂದ ದಿನ, "ನನ್ನ ಕೈಗುಣವೇ ಕೆಟ್ಟಿದೆ, ಮಾವ. ಇದನ್ನು ಬಿಟ್ಟುಬಿಡುತ್ತೇನೆ" ಎಂದಳು. ಕೈಗುಣವೆಂಬ ಮಾತನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕಾರಣವನ್ನು ಹುಡುಕುವ ಮುನ್ನವೇ ಅದರ ಮೇಲೆ ಭಾರ ಹಾಕುವುದು ನ್ಯಾಯವಲ್ಲವೆಂದು ತೋರಿತು.

ಪಾಠಶಾಲೆಯಲ್ಲಿ ಕೇಳಿದ್ದ ಶಾರ್ಙ್ಗಧರ ಸಂಹಿತೆಯ ಮಾನಪರಿಭಾಷೆ ಆಗ ನೆನಪಿಗೆ ಬಂತು. ಗುಂಜಿಯಿಂದ ಕುಡವದವರೆಗೆ ಒಣ, ಹಸಿ, ದ್ರವಗಳಿಗೆ ಒಂದೇ ಮಾನ. ಪ್ರಸ್ಥದಿಂದ ಮೇಲೆ ಹಸಿಯ ವಸ್ತುವನ್ನೂ ದ್ರವವನ್ನೂ ಇಮ್ಮಡಿ ತೆಗೆದುಕೊಳ್ಳಬೇಕೆಂದು ಅಲ್ಲಿ ವಿಧಿ. ಮಾನದ ಹೆಸರು ಒಂದಾದ ಮಾತ್ರಕ್ಕೆ ದ್ರವ್ಯವೂ ಸಮನಾಗಬೇಕಾಗಿಲ್ಲವೆಂಬುದನ್ನು ವೈದ್ಯರು ಬಲ್ಲರು.

ಬ್ಯಾಟರಿಯಿಂದ ನಡೆಯುವ ಸಣ್ಣ ತಕ್ಕಡಿಯೊಂದನ್ನು ತರಿಸಿದೆ. ಮೈದಾ ಹಿಟ್ಟನ್ನು ಜರಡಿ ಹಿಡಿದು ಚಮಚದಿಂದ ಬಟ್ಟಲಿಗೆ ಸುರಿದು ಸವರಿದಾಗ ೧೨೦ ಗ್ರಾಂ. ಅದೇ ಬಟ್ಟಲನ್ನು ಡಬ್ಬಿಯಲ್ಲಿ ಅದ್ದಿ ತುಂಬಿ ಸವರಿದಾಗ ೧೪೮! ಮೂರು ಬಟ್ಟಲಿನ ಕೇಕಿಗೆ ೮೪ ಗ್ರಾಂ ಹಿಟ್ಟು ಹೆಚ್ಚು. ಹಾಲು ಮಾತ್ರ ಇದ್ದಷ್ಟೇ. ಒಣಗದೆ ಏನು ಮಾಡೀತು? ಬಿಡುವಿದ್ದ ದಿನ ಸೊಸೆ ಜರಡಿ ಹಿಡಿಯುತ್ತಿದ್ದಳು, ಅವಸರದ ದಿನ ಅದ್ದುತ್ತಿದ್ದಳು. ಆಕೆ ನಕ್ಕದ್ದನ್ನು ಕಂಡು ಬಹಳ ದಿನಗಳಾಗಿದ್ದುವು. ಅಂದು ತಕ್ಕಡಿಯ ಮುಂದೆ ನಕ್ಕಳು.

ಅಂದೇ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಅಮೆರಿಕದ ಬಟ್ಟಲೊಂದಕ್ಕೆ ಮೈದಾ ೧೨೦ ಗ್ರಾಂ, ಸಕ್ಕರೆ ೨೦೦, ಬೆಣ್ಣೆ ೨೨೭, ನೀರು ಸುಮಾರು ೨೩೭, ಜೇನುತುಪ್ಪ ೩೪೦. ಆಸ್ಟ್ರೇಲಿಯದ ಬಟ್ಟಲಾದರೋ ೨೫೦ ಮಿಲಿಲೀಟರಿನದು, ಅದರ ಲೆಕ್ಕವೇ ಬೇರೆ. ಪುಸ್ತಕ ಯಾವ ದೇಶದ್ದೆಂದು ಮೊದಲು ನೋಡಬೇಕು. ಅಡಿಗೆ ಸೋಡವನ್ನು ಮಾತ್ರ ಚಮಚಕ್ಕೇ ಬಿಟ್ಟೆವು. ಒಂದೆರಡು ಗ್ರಾಮಿನ ವಿಷಯದಲ್ಲಿ ನಮ್ಮ ತಕ್ಕಡಿಯನ್ನು ನಂಬುವಂತಿಲ್ಲ.

ಆಮೇಲೆ ಕೇಕು ಮರಳಿ ಬಂದಿಲ್ಲ. ಈಗ ಸೊಸೆಯು ಅತ್ತೆಯ ಕೋಡುಬಳೆಯನ್ನೂ ಗ್ರಾಮಿನಲ್ಲಿ ಬರೆದಿಡಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮಾಕೆ ಪಾವನ್ನು ತಕ್ಕಡಿಯ ಮೇಲಿಡಲು ಇನ್ನೂ ಒಪ್ಪಿಲ್ಲ.